ಕಿರಿಯ ರಾಣಿಯ ಒಂದು ಮಾತು

ನಮ್ಮ ಕಡೆ ಮನೆಯಿಂದ ಹೊರಡುವವರು 'ಹೋಗ್ತೇನೆ' ಎನ್ನುವುದಿಲ್ಲ, 'ಬರ್ತೇನೆ' ಎಂದೇ ಹೊರಡುವುದು. ಒಳಗಿದ್ದವರು 'ಹೋಗಿ ಬಾ' ಎನ್ನುತ್ತಾರೆ. ಬರೀ 'ಹೋಗು' ಎಂಬ ಮಾತು ಇರುವುದು ನಾಯಿಗೆ, ಬೆಕ್ಕಿಗೆ, ತೋಟಕ್ಕೆ ಇಳಿದ ಮಂಗಗಳಿಗೆ. ಮಂಗಗಳು ಅದನ್ನು ಕೇಳಿಯೂ ಬರುತ್ತವೆ, ಆ ಮಾತು ಬೇರೆ.

ಕೋಡಿಂಬಾಳದಿಂದ ಸ್ವಲ್ಪ ಒಳಗೆ, ಪಿಲಿಮಜಲು ಎಂಬಲ್ಲಿ ಎಳೆಯರಸು ದೈವದ ಸ್ಥಾನವಿದೆ. ಆ ದೈವದ ಕತೆ ನಿಂತಿರುವುದು ಈ ಒಂದು ಮಾತಿನ ಮೇಲೆ. ಹಿಂದೆ ಅಲ್ಲೊಬ್ಬ ಬಲ್ಲಾಳ ಅರಸನಿದ್ದ. ಮೊದಲ ರಾಣಿ ತೀರಿಹೋದ ಮೇಲೆ ಇನ್ನೊಬ್ಬಳನ್ನು ತಂದ. ಮೊದಲ ರಾಣಿಯ ಮಗ ಒಂದು ಬೆಳಿಗ್ಗೆ ಕಾಡಿಗೆ ಹೊರಟು, ಬಾಗಿಲಲ್ಲಿ ನಿಂತು 'ಬರುತ್ತೇನೆ ತಾಯಿ' ಎಂದ. ಕಿರಿಯ ರಾಣಿ 'ಹೋಗು' ಎಂದಳು. 'ಬಾ' ಎನ್ನಲಿಲ್ಲ. ಹುಡುಗ ಹೋದ, ದಾರಿ ತಪ್ಪಿದ, ಹುಲಿ ಹಿಡಿಯಿತು. ಅವನು ಬಿದ್ದ ಜಾಗದಲ್ಲಿ ಒಂದು ಕಲ್ಲು ಮೂಡಿತು. ಆ ಕಲ್ಲಿಗೆ ಇವತ್ತಿಗೂ ಹೂ ಬೀಳುತ್ತದೆ. ಏನಾದರೂ ಕಳೆದುಹೋದರೆ ಹರಕೆ ಹೇಳುವುದು ಅಲ್ಲಿಗೇ. ತಾನೇ ದಾರಿ ತಪ್ಪಿ ಹೋದವನಾದ ಕಾರಣ ಕಳೆದುಹೋದವುಗಳ ಸಂಕಟ ಅವನಿಗೆ ಗೊತ್ತು. ದನ ಸಿಗುತ್ತದೆ, ಬೀಗದ ಕೈ ಸಿಗುತ್ತದೆ, ಈಗೀಗ ಮೊಬೈಲೂ ಸಿಗುತ್ತದೆ. ರಾಣಿಗೆ ಮಾತ್ರ ಯಾರೂ ಹೂ ಇಡುವುದಿಲ್ಲ. ಅವಳ ಹೆಸರು ಕೂಡ ಯಾರಿಗೂ ಗೊತ್ತಿಲ್ಲ.

ಅಚ್ಚುತ ಗೌಡರ ಮನೆ ಆ ಸ್ಥಾನಕ್ಕೆ ಕೂಗಿದರೆ ಕೇಳುವಷ್ಟು ದೂರ. ಮಗ ಲತೀಶ ಇನ್ನೂ ಅಂಬೆಗಾಲು ಬಿಟ್ಟು ನಡೆಯಲು ಕಲಿಯುತ್ತಿದ್ದಾಗಲೇ ಅವರ ಮೊದಲ ಹೆಂಡತಿ ತೀರಿಹೋದರು. ಆಮೇಲೆ ಸುಳ್ಯದ ಕಡೆಯಿಂದ ಕುಮುದಿನಿ ಮದುವೆಯಾಗಿ ಬಂದಳು. ಅವಳಿಗೆ ಸುಜಯ್ ಹುಟ್ಟಿದ. ಲತೀಶ ಅವಳನ್ನು ಚಿಕ್ಕವ್ವ ಎಂದು ಕರೆಯುತ್ತಿದ್ದ. ಅದನ್ನು ಕೇಳಿ ಕೇಳಿ ಸುಜಯ್ ಕೂಡ ಹೆತ್ತ ತಾಯಿಯನ್ನು ಚಿಕ್ಕವ್ವ ಎಂದೇ ಕರೆಯತೊಡಗಿದ. ಯಾರೂ ತಿದ್ದಲಿಲ್ಲ.

ಇಬ್ಬರೂ ಬೆಳೆದು ದೊಡ್ಡವರಾದರು. ಲತೀಶ ದನ, ತೋಟ ನೋಡಿಕೊಂಡ. ಸುಜಯ್ ಪಿಕಪ್ ಓಡಿಸುತ್ತಿದ್ದ ಮತ್ತು ಬೀಳುತ್ತಿದ್ದ. ಬೈಕಿನಿಂದ ಬಿದ್ದ, ತೋಡಿಗೆ ಅಡ್ಡ ಹಾಕಿದ ಸಂಕದಿಂದ ಬಿದ್ದ, ಕೊನೆಗೆ ನಿಲ್ಲಿಸಿದ್ದ ಪಿಕಪ್ಪಿನಿಂದಲೂ ಬಿದ್ದ. ಇದು ಸಾದಾ ಬೀಳುವುದಲ್ಲ ಎಂದು ಅಚ್ಚುತ ಗೌಡರು ಪ್ರಶ್ನೆ ಇಡಿಸಿದರು. ಜೋಯಿಸರು ಮನೆಯವರೆಲ್ಲರ ಎದುರು ಕವಡೆ ಸರಿಸಿ, ಕಣ್ಣು ಮುಚ್ಚಿ ತೆರೆದು, "ಅಣ್ಣ ತಮ್ಮ ಒಂದೇ ಮಾಡಿನ ಅಡಿಯಲ್ಲಿ ಇರುದು ಒಬ್ಬನಿಗೆ ಆಗಿ ಬರುದಿಲ್ಲ" ಎಂದರು. ಒಂದೇ ಸೂರು ಯಾರಿಗೆ ಆಗದು ಎಂದು ಕೇಳಿದಾಗ, ಅದು ಕಾಣುವುದಿಲ್ಲ ಎಂದರು.

ಅಚ್ಚುತ ಗೌಡರು ವಿಧಿಯನ್ನು ನಂಬಿದವರು. ಪಂಪು ಕೆಟ್ಟರೆ 'ಬರೆದದ್ದು' ಎನ್ನುವರು. ಕುಮುದಿನಿ ಮೆಕ್ಯಾನಿಕ್ಕಿಗೆ ಫೋನು ಮಾಡಿ ಸರಿ ಮಾಡಿಸಿದರೆ ಅದೂ ಬರೆದದ್ದೇ. ಅವರು ಪ್ರಶ್ನೆಯ ಮಾತು ಕೇಳಿ ಯಾರನ್ನೂ ದೂರಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ಬರೆದದ್ದು ತಾನಾಗಿಯೇ ಆಗುತ್ತದಲ್ಲ, ನಡುವೆ ನಾವೇಕೆ ಬಾಯಿ ಹಾಕುವುದು ಎಂದು ಎಲೆ ಅಡಿಕೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಲತೀಶ ಎಂದಿನ ಹಾಗೆ ಹಾಲಿನ ಕ್ಯಾನು ಹಿಡಿದು ಅಡಿಗೆಕೋಣೆಯ ಬಾಗಿಲಿಗೆ ಬಂದ. "ನಾನು ಬರ್ತೇನೆ ಚಿಕ್ಕವ್ವ" ಎಂದ. ಕುಮುದಿನಿಯ ಕೈ ದೋಸೆ ಹಿಟ್ಟಿನಲ್ಲಿತ್ತು. ಸೊಸೈಟಿಯಲ್ಲಿ ಹಾಲು ತೆಗೆದುಕೊಳ್ಳುವ ಹೊತ್ತು ಮೀರುತ್ತಿತ್ತು. ಅವಳು ತಿರುಗಿ ನೋಡದೆ, "ಹ್ಞೂಂ, ಹೋಗು, ಹೊತ್ತಾಯ್ತು" ಎಂದಳು.

ಲತೀಶ ಸೊಸೈಟಿಗೆ ಹೋಗಿ ಹಾಲು ಕೊಟ್ಟ. ಖಾಲಿ ಕ್ಯಾನು ಹಿಡಿದುಕೊಂಡೇ ಬಸ್ಸು ಹತ್ತಿ ಗುಂಡ್ಯಕ್ಕೆ ಹೋದ. ಅಲ್ಲಿ ಶಿರಾಡಿ ಘಾಟಿಯ ಬುಡದಲ್ಲಿ ಗೆಳೆಯನೊಬ್ಬನ ಹೋಟೆಲಿತ್ತು. ಮೊದಲು ಅದರಲ್ಲಿ ಕೆಲಸಕ್ಕೆ ನಿಂತ, ಆಮೇಲೆ ಹೋಟೆಲೇ ಅವನದಾಯಿತು. ಸುತ್ತ ಕಾಡು, ಹಿಂದುಗಡೆ ಆನೆ ಇಳಿಯುವ ದಾರಿ. ಊರಿನವರು ಅದನ್ನು ವನವಾಸ ಎಂದರು. ವನವಾಸದಲ್ಲಿ ಗೋಳಿಬಜೆ ಬಹಳ ಚೆನ್ನಾಗಿತ್ತು. ಘಾಟಿ ಹತ್ತುವ ಲಾರಿಗಳೆಲ್ಲ ಅಲ್ಲಿ ನಿಲ್ಲುತ್ತಿದ್ದವು.

ಅಣ್ಣ ಹೋದ ಮೇಲೂ ಸುಜಯ್ ಬಿದ್ದ. ಜೋಯಿಸರಿಗೆ ಹೇಳಿದಾಗ, ಲತೀಶ ಇದ್ದಿದ್ದರೆ ಇನ್ನೂ ಎತ್ತರದಿಂದ ಬೀಳುತ್ತಿದ್ದ ಎಂದರು.

ಒಣಮೀನು ವ್ಯಾಪಾರದ ಪೋಕರ್ ಕಾಕ ಒಂದು ದಿನ ಹಾಸನದಿಂದ ಬರುವಾಗ ಗುಂಡ್ಯದಲ್ಲಿ ಚಹಾ ಕುಡಿದು, ಕುಮುದಿನಿಯ ಅಂಗಳದಲ್ಲಿ ಬಂದು ನಿಂತರು.

"ಕುಮುದಿನಿಯಕ್ಕ, ನಿಮ್ಮ ಲತೀಶ ಒಂದು ಮಾತು ಹೇಳಿದ. ನಿಮ್ಮತ್ರ ಹೇಳ್ಬೇಕಾ ಬೇಡ್ವಾ ಅಂತ ದಾರಿ ಇಡೀ ಎಣಿಸಿಕೊಂಡು ಬಂದೆ."

"ಬಂದಾಯ್ತಲ್ಲ, ಹೇಳಿ."

"ಪ್ರಶ್ನೆಯದ್ದು ಅವನಿಗೆ ಬೇಜಾರಿಲ್ಲ. ಅಪ್ಪನ ಮೇಲೂ ಇಲ್ಲ. ನೀವು 'ಹೋಗು' ಅಂದ್ರಂತೆ. 'ಬಾ' ಅನ್ಲಿಲ್ಲವಂತೆ. ಅದೊಂದು ಉಂಟು ಅವನಿಗೆ."

ಕುಮುದಿನಿ ಅಂಗಳಕ್ಕೆ ಇಳಿದಳು. "ಹಾಲಿಗೆ ಹೋಗುದು ಅಂತ ಎಣಿಸಿದ್ದು ಮಾರಾಯ್ರೆ ನಾನು. ಕ್ಯಾನು ಇತ್ತಲ್ಲ ಕೈಯಲ್ಲಿ!"

"ಹಾಗೇ ಹೇಳ್ಬೇಕಾ ಅವನಿಗೆ?"

"ಬೇಡ. ನಾನೇ ಹೇಳ್ತೇನೆ."

ಅವಳು ಫೋನು ಮಾಡಿದಳು. "ಊಟ ಆಯ್ತಾ?" ಎಂದಳು. "ಆಯ್ತು" ಎಂದ. "ಎಂತ ಪದಾರ್ಥ?" "ತೊಂಡೆಕಾಯಿ." "ಹಾಂ. ಇಡ್ತೇನೆ." ಆಮೇಲೆ ಇದು ವಾರಕ್ಕೊಮ್ಮೆ ನಡೆಯಿತು. ಪದಾರ್ಥ ಬದಲಾಗುತ್ತಿತ್ತು, ಮಾತು ಬದಲಾಗಲಿಲ್ಲ.

'ಬಾ' ಎನ್ನಲು ಅವಳಿಗೆ ಹೆದರಿಕೆ. ಕರೆದ ಮೇಲೆ ಸುಜಯ್‌ಗೆ ಏನಾದರೂ ಆದರೆ ಪ್ರಶ್ನೆ ಮೀರಿದವಳು ಅವಳೇ. ಲತೀಶನಿಗೆ ಆದರಂತೂ ಮಲತಾಯಿ ಕರೆಸಿ ಕೊಂದಳು ಎಂದಾಗುತ್ತದೆ. ಕರೆಯದಿದ್ದರೆ ಮಲತಾಯಿ ಓಡಿಸಿದಳು ಎಂದು ಹೇಗೂ ಆಗಿದೆ. ಎಷ್ಟೋ ಸಂಜೆ ಅವಳು ಎಳೆಯರಸಿನ ಕಲ್ಲಿನ ಮುಂದೆ ನಿಂತು ಬಂದಳು. ಆದರೆ ಹರಕೆ ಹೇಳುವುದು ಹೇಗೆ? ಲತೀಶ ಕಳೆದುಹೋಗಿರಲಿಲ್ಲ, ಗುಂಡ್ಯದಲ್ಲಿದ್ದ. ಎಲ್ಲಿದೆ ಎಂದು ಗೊತ್ತಿರುವುದನ್ನು ಹುಡುಕಿಕೊಡು ಎಂದು ದೈವಕ್ಕೆ ಕೆಲಸ ಕೊಡುವುದು ಸರಿಯಲ್ಲ ಎಂದುಕೊಂಡು, ಬರೀ ಕೈ ಮುಗಿದು ಮನೆಗೆ ಬರುತ್ತಿದ್ದಳು. ಹೀಗೆ ಆರು ವರ್ಷ ಹೋಯಿತು.

ಈ ಸಲ ಸ್ಥಾನಕ್ಕೆ ಹೊಸ ಹಂಚು ಹಾಕಿ ಪುನಃಪ್ರತಿಷ್ಠೆ ಆಯಿತು. ಆ ಮಧ್ಯಾಹ್ನ ಮಹಿಳೆಯರ ತಾಳಮದ್ದಳೆ ಎಂದು ನಿಶ್ಚಯವಾಯಿತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಎದುರು ಕುಳಿತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅದಕ್ಕೆ ಅರ್ಥ ಹೇಳುತ್ತಾರೆ. ಪದ ಬರೆದಿಟ್ಟದ್ದು, ಅದನ್ನು ಯಾರೂ ಅಲುಗಾಡಿಸುವಂತಿಲ್ಲ. ಅರ್ಥವೋ, ಹೇಳುವವರ ಬಾಯಿಗೆ ಆ ಹೊತ್ತಿಗೆ ಬಂದದ್ದು. ರಾಜ ಸಾಯಲೇಬೇಕು, ಆದರೆ ಎಷ್ಟು ಮಾತಾಡಿ ಸಾಯಬೇಕು ಎಂಬುದು ಅವರವರ ಸಾಮರ್ಥ್ಯ.

ದೈವದ ಕತೆಯನ್ನು ಪದವಾಗಿ ಬರೆದವರು ನಿವೃತ್ತ ಶಾಲಾ ಮಾಸ್ಟ್ರು ಮಹೇಶ್ವರ. ಮೇಳ ಕಟ್ಟಿದವರು ಪುತ್ತೂರಿನ ಕೆದಂಬಾಡಿಯ ಪರಮೇಶ್ವರಿಯಕ್ಕ. ಬಲ್ಲಾಳ ಅವರೇ. ಅವರ ಮಗಳು ಗಾನಶ್ರೀ ಭಾಗವತಿಕೆಗೆ. ರಾಜಕುಮಾರ, ಕಡಬದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಭವಿತಾ. ಕಿರಿಯ ರಾಣಿಯಾಗಬೇಕಿದ್ದ ಹೆಂಗಸಿಗೆ ಎರಡು ದಿನ ಮೊದಲು ಗಂಟಲು ಕಟ್ಟಿತು. ಮೇಳದಲ್ಲಿ ಉಳಿದದ್ದು ಕುಮುದಿನಿ. ಅವಳು ಅಲ್ಲಿಯವರೆಗೆ ಮಾಡಿದ್ದು ದೂತ, ಸಖಿ, ಒಮ್ಮೆ ಭೂದೇವಿ. ಭೂದೇವಿಗೆ ಹೆಚ್ಚು ಮಾತಿರಲಿಲ್ಲ.

"ನಾನು ಅದನ್ನು ಮಾಡುದಿಲ್ಲ ಅಕ್ಕ. ನಿಮಗೆ ಗೊತ್ತುಂಟಲ್ಲ, ಊರಿನವರು ಮೊದಲೇ ಎಂತ ಹೇಳ್ತಾರೆ ಅಂತ" ಎಂದಳು ಕುಮುದಿನಿ.

"ಹೇಗೂ ಹೇಳ್ತಾರೆ. ಎದುರು ಕೂತು ಕೇಳಿದ ಹಾಗಾಯ್ತು" ಎಂದರು ಪರಮೇಶ್ವರಿಯಕ್ಕ. "ನೀನು ಬಿಟ್ಟರೆ ಕೂಟ ನಿಲ್ಲುದು ಮಾರಾಯ್ತಿ. ದೈವದ ಕೆಲಸ."

ದೈವದ ಕೆಲಸ ಎಂದ ಮೇಲೆ ಅವಳು ಒಪ್ಪಿದಳು. ಮಹೇಶ್ವರ ಮಾಸ್ಟ್ರು ಪಾತ್ರ ವಿವರಿಸಲು ಮನೆಗೇ ಬಂದರು.

"ನಿಮಗೆ ಕಷ್ಟ ಇಲ್ಲ. ಕೋಪದಲ್ಲಿ 'ಹೋಗು' ಅಂತ ಒಂದು ಮಾತು ಹೇಳುದು. ಬಾಕಿ ಎಲ್ಲ ರಾಜ, ರಾಜಕುಮಾರ ನೋಡಿಕೊಳ್ತಾರೆ."

"ಮಾಸ್ಟ್ರೆ, ಅವಳು ಹೇಳದಿದ್ರೆ?"

"ಯಾರು?"

"ರಾಣಿ. 'ಹೋಗು' ಅಂತ ಹೇಳದಿದ್ರೆ?"

ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು. "ಹೇಳದಿದ್ರೆ ಹುಡುಗನಿಗೆ ಎಂತದೂ ಆಗುದಿಲ್ಲ. ಹುಲಿ ತಿನ್ನುದಿಲ್ಲ, ಅವ ದೈವ ಆಗುದಿಲ್ಲ. ಸ್ಥಾನ ಇಲ್ಲ, ಹೊಸ ಹಂಚು ಇಲ್ಲ. ನೀವು ಅರ್ಥ ಹೇಳ್ಲಿಕ್ಕೆ ಕೂತುಕೊಳ್ಳುವ ಚಾಪೆಯೂ ಇಲ್ಲ. ಇದು ಇತಿಹಾಸ, ಕುಮುದಿನಿಯಕ್ಕ. ಆಗಿ ಹೋದದ್ದು."

"ಹಾಗಾದ್ರೆ ಎಲ್ಲ ಆದದ್ದು ಅವಳಿಂದ."

"ಹೌದು."

"ಮತ್ತೆ ಅವಳಿಗೆ ಒಂದು ಹೂವಾದ್ರೂ ಇಡುದಿಲ್ಲ ಯಾಕೆ?"

ಚಾವಡಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಚ್ಚುತ ಗೌಡರು ತಲೆ ಎತ್ತದೆ, "ಅವಳಿಗೆ ಹಾಗೆ ಬರೆದದ್ದು" ಎಂದರು.

"ಬರೆದದ್ದು ನಾನು" ಎಂದರು ಮಾಸ್ಟ್ರು. ಆಮೇಲೆ, ತಾನು ಹೇಳಿದ್ದು ಸರಿಯೋ ತಪ್ಪೋ ಎಂದು ತಿಳಿಯದೆ, ಚಹಾ ಕುಡಿದು ಎದ್ದರು.

ಆ ದಿನದ ಚಹಾ, ಗೋಳಿಬಜೆಯನ್ನು ಸಮಿತಿಯವರು ಗುಂಡ್ಯದ ಹೋಟೆಲಿಗೆ ಹೇಳಿದ್ದರು. ಲತೀಶನಿಗೆ ಬರಲು ಮನಸ್ಸಿರಲಿಲ್ಲ, ಆದರೆ ದೈವದ ಕೆಲಸಕ್ಕೆ ಇಲ್ಲವೆನ್ನುವಷ್ಟು ಧೈರ್ಯವೂ ಇರಲಿಲ್ಲ. ಬಂದು, ಚಹಾ ಕೊಟ್ಟು, ಮನೆಯ ಕಡೆ ತಿರುಗದೆ ಸೀದಾ ಹೋಗುವುದೆಂದು ಸಮಿತಿಯವರಿಗೆ ಹೇಳಿಯೇ ಬಂದಿದ್ದ. ಜನ ಕುಳಿತ ಶಾಮಿಯಾನದ ಹಿಂದುಗಡೆ ಒಲೆ ಹೂಡಿದ. ಹಾಲು ತಂದದ್ದು ಒಂದು ಹಳೆಯ ಕ್ಯಾನಿನಲ್ಲಿ. ಕುಮುದಿನಿ ವೇದಿಕೆಯ ಚಾಪೆಯಲ್ಲಿ ಕುಳಿತು ತಲೆ ಎತ್ತಿದಾಗ ಮೊದಲು ಕಂಡದ್ದು ಆ ಕ್ಯಾನು. ಬದಿಯಲ್ಲಿ ನೆಗ್ಗಿದ್ದು ಹಾಗೆಯೇ ಇತ್ತು. ಆಮೇಲೆ ಅದರ ಹಿಂದೆ ನಿಂತವನು ಕಂಡ. ಹೊಟ್ಟೆ ಸ್ವಲ್ಪ ಬಂದಿತ್ತು.

ಪ್ರಸಂಗ ಸುರುವಾಯಿತು. ಪರಮೇಶ್ವರಿಯಕ್ಕ ಬಲ್ಲಾಳನ ವೈಭವವನ್ನು ಸಾವಕಾಶ ವಿವರಿಸಿದರು. ಭವಿತಾ ರಾಜಕುಮಾರನ ಶೌರ್ಯ ಹೇಳಿದಳು. ಕೊನೆಗೆ ಅವಳು, "ತಾಯಿ, ನಾನು ಬರುತ್ತೇನೆ" ಎಂದು ಕೈ ಮುಗಿದಳು. ಮದ್ದಳೆಗೆಂದು ಕರೆಸಿದ್ದ ವಿಷ್ಣುಪ್ರಸಾದನ ಕೈಯಲ್ಲಿ ಮದ್ದಳೆ ಒಮ್ಮೆ ಗುಡುಗಿ ನಿಂತಿತು. ಗಾನಶ್ರೀ ಹಾಡಿದಳು:

ಹೋಗು ಕಾನನಕೆಂದು ಕಿರಿಯ ರಾಣಿಯು ನುಡಿಯೆ
ಬಾಗಿ ನಡೆದನು ಬಾಲ ತಿರುಗಿ ನೋಡದೆಯೆ

ಕುಮುದಿನಿ ಸುಮ್ಮನೆ ಕುಳಿತಳು. ಅವಳಿಗೆ ಮರೆತುಹೋಗಿರಬೇಕೆಂದು ಗಾನಶ್ರೀ ಇನ್ನೊಮ್ಮೆ ಹಾಡಿದಳು. ಕುಮುದಿನಿ ಹಿಂದಿನ ಒಲೆಯ ಕಡೆಗೇ ನೋಡುತ್ತಿದ್ದಳು. ಮುಂದಿನ ಸಾಲಿನಲ್ಲಿದ್ದ ಮಹೇಶ್ವರ ಮಾಸ್ಟ್ರು ಮೆಲ್ಲಗೆ, "ಹೋಗು, ಹೋಗು" ಎಂದು ಹೇಳಿಕೊಟ್ಟರು. ಅವರ ಪಕ್ಕದಲ್ಲಿ ಕಿವಿ ಮಂದವಾದ ಹಿರಿಯರೊಬ್ಬರು "ನನಗಾ?" ಎಂದು ಕೇಳಿ, ಎದ್ದು ಹಿಂದಿನ ಸಾಲಿಗೆ ಹೋದರು.

"ರಾಣಿ, ಮಗ ಬಾಗಿಲಲ್ಲಿ ನಿಂತಿದ್ದಾನೆ. ನಿನ್ನ ಮನಸ್ಸಿನಲ್ಲಿ ಇರುವುದನ್ನು ಆಡಿಬಿಡು" ಎಂದರು ಪರಮೇಶ್ವರಿಯಕ್ಕ, ಬಲ್ಲಾಳನ ಧ್ವನಿಯಲ್ಲೇ.

"ಹೋಗಿ ಬಾ" ಎಂದಳು ಕುಮುದಿನಿ.

ಭವಿತಾ ಒಂದು ವಾರ ಕಲಿತು ತಯಾರಾಗಿದ್ದದ್ದು 'ಬಾ ಎನ್ನಲಿಲ್ಲವಲ್ಲ ತಾಯಿ' ಎಂಬ ಒಂದು ದೊಡ್ಡ ದುಃಖಕ್ಕೆ. ಅದು ಈಗ ಎಲ್ಲಿಗೂ ತಾಗದೆ ಬಾಯಲ್ಲೇ ಉಳಿಯಿತು. "ತಾಯಿ, ನೀನು 'ಹೋಗು' ಎಂದೆ" ಎಂದಳು ಅವಳು, ಸ್ವಲ್ಪ ಬೇಡಿಕೊಳ್ಳುವ ಹಾಗೆ.

"'ಹೋಗಿ ಬಾ' ಎಂದೆ."

"ಪದದಲ್ಲಿ 'ಹೋಗು' ಅಂತ ಉಂಟು" ಎಂದಳು ಭವಿತಾ, ರಾಜಕುಮಾರನೆಂಬುದನ್ನು ಮರೆತು.

"ಪದದಲ್ಲಿ ಇರಬಹುದು ಕುಮಾರ. ಪದ ಕಟ್ಟಿದವರು ನನ್ನ ಅಡಿಗೆಕೋಣೆಯಲ್ಲಿ ಇರಲಿಲ್ಲ." ಕುಮುದಿನಿ ಬಲ್ಲಾಳನ ಕಡೆ ತಿರುಗಿದಳು. "ಮಹಾರಾಜ, ಈ ಮಗನ ಮೇಲೆ ನನಗೆ ಯಾವ ಕಾಲಕ್ಕೂ ಕೋಪವಿಲ್ಲ. ಅವನು ಬಾಗಿಲಲ್ಲಿ ನಿಂತಾಗ ನನ್ನ ಕೈ ಹಿಟ್ಟಿನಲ್ಲಿತ್ತು."

ಪರಮೇಶ್ವರಿಯಕ್ಕನಿಗೆ ವಿಷಯ ಅರ್ಥವಾಯಿತು. ಆದರೆ ಬಲ್ಲಾಳನಾಗಿ ಕುಳಿತವರು ಬಲ್ಲಾಳನ ಹಾಗೆಯೇ ಕೇಳಬೇಕು. "ಪಟ್ಟದ ರಾಣಿಯಾದ ನೀನು ಹಿಟ್ಟು ರುಬ್ಬುತ್ತಿದ್ದೆಯಾ? ದಾಸಿಯರು ಎಲ್ಲಿ?"

"ಅಂದು ದಾಸಿಯರು ಬಂದಿರಲಿಲ್ಲ, ಪ್ರಭು."

"ಆಗಲಿ. ಮುಂದೆ ಹೇಳು."

"ಇವನು ಪ್ರತಿದಿನ ಬೆಳಿಗ್ಗೆ ಹಾಲು ಕೊಡಲು ಹೋಗುತ್ತಾನೆ."

"ಯುವರಾಜನು?"

"ಹೌದು. ಸೊಸೈಟಿಗೆ."

ಒಬ್ಬರು ನಕ್ಕರು. ಪಕ್ಕದವರು ಮೊಣಕೈಯಿಂದ ತಿವಿದ ಮೇಲೆ ನಿಲ್ಲಿಸಿದರು.

"ಅಂದೂ ಹಾಲಿಗೇ ಹೋಗುದು ಅಂತ ಎಣಿಸಿದೆ" ಎಂದಳು ಕುಮುದಿನಿ. ರಾಣಿಯ ಭಾಷೆ ಅವಳಿಗೆ ಅಷ್ಟರಲ್ಲಿ ಮುಗಿದುಹೋಗಿತ್ತು. "ಕೈಯಲ್ಲಿ ಕ್ಯಾನು ಇತ್ತು. ಹೊತ್ತಾದ್ರೆ ಅಲ್ಲಿ ಹಾಲು ತೆಗೆದುಕೊಳ್ಳುದಿಲ್ಲ. 'ಹೋಗು, ಹೊತ್ತಾಯ್ತು' ಅಂದೆ. ಬಾ ಅನ್ನುದು ಎಂತಕ್ಕೆ, ಗಂಟೆಯೊಳಗೆ ದೋಸೆಗೆ ಬರುವವನಲ್ವಾ? ದಿನಾ ಬರುವವನಿಗೆ ಯಾರಾದ್ರೂ ಬಾ ಹೇಳ್ತಾರಾ? ದೋಸೆ ಹೊಯ್ದು ಮುಚ್ಚಿಟ್ಟಿದ್ದೆ. ಮಧ್ಯಾಹ್ನದವರೆಗೆ ಇತ್ತು. ಆಮೇಲೆ ದನಕ್ಕೆ ಹಾಕಿದ್ದು."

ಒಲೆಯ ಮೇಲೆ ಚಹಾ ಉಕ್ಕಿ ಬೆಂಕಿಗೆ ಬಿತ್ತು. ಲತೀಶ ಸೌಟು ಹಿಡಿದು ಹಾಗೆಯೇ ನಿಂತಿದ್ದ.

"ಬಾ ಅಂತ ಈಗ ಹೇಳ್ತೇನೆ. ಪ್ರಶ್ನೆಯಲ್ಲಿ ಎಂತ ಕಂಡಿದ್ರೂ ಹೇಳ್ತೇನೆ. ಎಂತ ಆದ್ರೂ ನನ್ನ ತಲೆ ಮೇಲೆ ಬರ್ಲಿ, ಹೇಗೂ ಅಲ್ಲೇ ಉಂಟು. ಹೋಗಿ ಬಾ ಮಗ."

ಭವಿತಾ ಕಣ್ಣೊರೆಸಿಕೊಂಡು, "ಹಾಗಾದರೆ ನಾನು ಬಂದೇ ಬರುತ್ತೇನೆ ತಾಯಿ" ಎಂದುಬಿಟ್ಟಳು.

ಮಹೇಶ್ವರ ಮಾಸ್ಟ್ರು ಕುರ್ಚಿಯಿಂದ ಎದ್ದರು. "ಬಂದ್ರೆ ಹೇಗೆ? ಅವ ಬಂದ್ರೆ ಸ್ಥಾನ ಇಲ್ಲ!" ಎಂದು ಕೂಗಿದರು. ಶಾಮಿಯಾನದ ಬದಿಯಲ್ಲಿ ಸ್ಥಾನದ ಹೊಸ ಹಂಚು ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು. ಕೆಲವರು ಒಮ್ಮೆ ಅತ್ತ ನೋಡಿಕೊಂಡರು, ಇದೆಯೋ ಇಲ್ಲವೋ ಎಂದು. ಗಾನಶ್ರೀ ಮುಂದಿನ ಪದ ಹುಡುಕಿದಳು. ಮುಂದಿನ ಪದ ಹುಲಿಯದ್ದಾಗಿತ್ತು.

ಪರಮೇಶ್ವರಿಯಕ್ಕ ಮಾಸ್ಟ್ರನ್ನೇ ಪ್ರಸಂಗದೊಳಗೆ ಎಳೆದುಕೊಂಡರು. "ಎಲೈ ಮಂತ್ರಿವರ್ಯ, ಕುಳಿತುಕೊಳ್ಳು. ಗಾಬರಿ ಬೇಡ. ಹುಲಿಗೆ ಕನ್ನಡ ಬರುವುದಿಲ್ಲ. ರಾಣಿ 'ಹೋಗು' ಎಂದರೂ, 'ಹೋಗಿ ಬಾ' ಎಂದರೂ, ಅದು ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ."

ಜನ ನಕ್ಕರು. ಪರಮೇಶ್ವರಿಯಕ್ಕ ನಗಲಿಲ್ಲ.

"ಆದರೆ ಮಂತ್ರಿ, ಒಂದು ವಿಷಯ ಯೋಚಿಸು. ಬರೀ 'ಹೋಗು' ಎಂದಿದ್ದರೆ ನಮ್ಮ ಕುಮಾರ ಹೋದಲ್ಲೇ ಉಳಿಯುತ್ತಿದ್ದ. ಕಾಡಿನಲ್ಲಿ ಸತ್ತವರೆಲ್ಲ ದೈವವಾಗಿ ಊರಿಗೆ ಬರುತ್ತಾರೆಯ? ಇವನು ಯಾಕೆ ಬಂದ? ಕಳೆದದ್ದನ್ನೆಲ್ಲ ಮನೆಗೆ ಮುಟ್ಟಿಸುವ ಕೆಲಸ ಇವನಿಗೆ ಯಾಕೆ? ಯಾರೋ ಒಬ್ಬಳು 'ಬಾ' ಎಂದಿರಲೇಬೇಕು. ತಾಯಿ ಕರೆದ ಮೇಲೆ ಬರದೆ ಇರಲು ಅವನಿಂದ ಆಗಲಿಲ್ಲ. ಮನುಷ್ಯನಾಗಿ ಬರಲು ಹುಲಿ ಬಿಡಲಿಲ್ಲ, ದೈವವಾಗಿ ಬಂದ. ರಾಣಿಯ ಆ ಮಾತು ಇಲ್ಲದಿದ್ದರೆ ನಿನ್ನ ಸ್ಥಾನ ಎಲ್ಲಿಂದ? ಹೊಸ ಹಂಚು ಎಲ್ಲಿಂದ?"

ಮಾಸ್ಟ್ರು ಕುಳಿತರು. ಗಾನಶ್ರೀ ಆ ಸಂದು ಬಿಡದೆ ಹುಲಿಯ ಪದ ಎತ್ತಿದಳು. ಹುಲಿ ಬಂತು, ಕುಮಾರ ಬಿದ್ದ, ಕಲ್ಲು ಮೂಡಿತು. ಪದದ ಒಂದಕ್ಷರವೂ ತಪ್ಪಲಿಲ್ಲ. ಮಂಗಳ ಹಾಡುವಾಗ ಕಿವಿ ಮಂದವಾದ ಹಿರಿಯರು ಪಕ್ಕದವರಲ್ಲಿ, ರಾಣಿ ಎಂತ ಹೇಳಿದ್ದು ಎಂದು ಕೇಳಿದರು. "ಹೋಗಿ ಬಾ ಅಂದದ್ದು." "ಹಾಗೇ ಅಲ್ವಾ ಹೇಳುದು? ಮತ್ತೆ ಎಂತ ಗಲಾಟೆ?" ಎಂದರು ಅವರು.

ಆಮೇಲೆ ಚಹಾ. ಲತೀಶ ಎಲ್ಲರಿಗೂ ಕೊಟ್ಟು, ಕೊನೆಯ ಲೋಟ ಹಿಡಿದು ಕುಮುದಿನಿಯ ಎದುರು ನಿಂತ.

"ಸಕ್ಕರೆ ಸಾಕಾ ನೋಡಿ."

ಅವಳು ಕುಡಿದು ನೋಡಿದಳು. "ಸಾಕು."

"ಹಾಲಿಗೆ ಹೋಗುದು ಅಂತ ಎಣಿಸಿದ್ದಾ?"

"ಕ್ಯಾನು ಇತ್ತಲ್ಲ."

"ಹಾಲಿಗೂ ಹೋಗಿದ್ದೆ" ಎಂದ ಲತೀಶ. ಆಮೇಲೆ, "ದೋಸೆ ಮಾಡಿಟ್ಟದ್ದು ಗೊತ್ತಿರ್ಲಿಲ್ಲ" ಎಂದ.

ಅಚ್ಚುತ ಗೌಡರು ಮಗನ ಪಕ್ಕದಲ್ಲಿ ಬಂದು ನಿಂತಿದ್ದರು. ಅವರಿಗೆ ಸಂತೋಷವಾಗಿತ್ತು, ಹೆದರಿಕೆಯೂ ಆಗಿತ್ತು. ಎರಡನ್ನೂ ಒಟ್ಟಿಗೆ ಹೇಳುವ ಮಾತು ಸಿಗದೆ, "ಜೋಯಿಸರು ಹೇಳಿದ್ದುಂಟಲ್ಲ ಮಗ, ಒಂದೇ ಮಾಡಿನ ಅಡಿಯಲ್ಲಿ ಇಬ್ಬರು..." ಎಂದರು.

ಸುಜಯ್ ಗೋಳಿಬಜೆ ತಿನ್ನುತ್ತಿದ್ದವನು ತಿರುಗಿದ. ಅವನ ಎಡಗೈಗೆ ಆಗಲೂ ಬ್ಯಾಂಡೇಜಿತ್ತು. "ಅಪ್ಪ, ನಾನು ಹೇಗೂ ಬೀಳ್ತೇನೆ. ಅಣ್ಣ ಇದ್ರೆ ಎಬ್ಬಿಸ್ಲಿಕ್ಕೆ ಒಂದು ಜನ ಆಗ್ತದೆ."

"ನಾನು ಬರ್ತೇನೆ" ಎಂದ ಲತೀಶ.

ನಮ್ಮ ಕಡೆಯ ಈ ಮಾತಿನಲ್ಲಿ ಇದೊಂದು ತೊಂದರೆಯಿದೆ. ಹೊರಟೆ ಎಂದೋ, ಬರುತ್ತೇನೆ ಎಂದೋ, ಕೇಳಿದವರಿಗೆ ತಿಳಿಯುವುದಿಲ್ಲ. ಕುಮುದಿನಿ ಕೇಳಲೂ ಇಲ್ಲ. ಲೋಟ ಕೆಳಗಿಟ್ಟು, ನಾಲ್ಕು ಜನರಿಗೆ ಕೇಳುವ ಹಾಗೆ, "ಹೋಗಿ ಬಾ" ಎಂದಳು. ಒಲೆ, ಪಾತ್ರೆ ಎಲ್ಲ ಗಾಡಿಗೆ ಹಾಕಿಕೊಂಡು ಅವನು ಗುಂಡ್ಯಕ್ಕೆ ಹೋದ.

ಆ ವಾರ ಅಚ್ಚುತ ಗೌಡರು ಯಾರಿಗೂ ಹೇಳದೆ ಒಂದು ಕೆಲಸ ಮಾಡಿಸಿದರು. ಚಾವಡಿಯ ಬದಿಯ ಕೋಣೆಯ ಹಂಚು ತೆಗೆಸಿ, ಅದಕ್ಕೆ ಬೇರೆಯೇ ತಗಡಿನ ಶೀಟು ಹಾಕಿಸಿದರು. ಮನೆಯ ಮಾಡಿಗೂ ಶೀಟಿಗೂ ನಡುವೆ ಒಂದು ಗೇಣು ಆಕಾಶ ಕಾಣುತ್ತಿತ್ತು. ಈಗ ಅದು ಬೇರೆ ಮಾಡು. ಜೋಯಿಸರನ್ನು ಕರೆದು ತೋರಿಸಿದರು. ಜೋಯಿಸರು ನೋಡಿ, ತಾನು ಆಗಲೇ ಹೇಳಿದ್ದು ಇದನ್ನೇ, ಯಾರೂ ಸರಿಯಾಗಿ ಕೇಳಿರಲಿಲ್ಲ ಎಂದರು. ಮಹೇಶ್ವರ ಮಾಸ್ಟ್ರು ಮಾತ್ರ ಇನ್ನೂ ಪದ ತಿದ್ದುತ್ತಿದ್ದಾರೆ. 'ಹೋಗಿ ಬಾ' ಎಂದು ಹಾಕಿದರೆ ಎರಡು ಮಾತ್ರೆ ಹೆಚ್ಚಾಗುತ್ತದಂತೆ.

ಭಾನುವಾರ ಸಂಜೆ ಕಡಬದ ಬಸ್ಸಿನಿಂದ ಲತೀಶ ಇಳಿದ. ಕೈಯಲ್ಲಿ ಬಟ್ಟೆಯ ಚೀಲ ಇರಲಿಲ್ಲ, ಕ್ಯಾನು ಇತ್ತು. ಹೋಟೆಲು ಬಿಟ್ಟು ಬಂದದ್ದಲ್ಲ, ಸೋಮವಾರ ಹೋಟೆಲಿಗೆ ರಜೆ. ಇನ್ನು ವಾರ ವಾರ ಹೀಗೆಯೇ ಎಂದ. ಊಟಕ್ಕೆ ತೊಂಡೆಕಾಯಿ ಪದಾರ್ಥ. ಶೀಟಿನ ಕೋಣೆಯಲ್ಲಿ ಮಲಗಿದ. ಅಚ್ಚುತ ಗೌಡರು, "ಬರಬೇಕು ಅಂತ ಬರೆದಿತ್ತು" ಎಂದರು. ಕುಮುದಿನಿ ಮಲಗುವ ಮೊದಲು ಸ್ಥಾನಕ್ಕೆ ಹೋಗಿ, ಕಲ್ಲಿನ ಮುಂದೆ ಒಂದು ಹೂ ಇಟ್ಟಳು. ಇನ್ನೊಂದನ್ನು ಮೆಟ್ಟಿಲಿನ ಈಚೆ, ಬರೀ ನೆಲದ ಮೇಲೆ ಇಟ್ಟಳು. ಯಾರಿಗೆಂದು ಹೇಳಲು ಹೆಸರು ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ಕರೆದು, ಕ್ಯಾನು ತುಂಬಿಸಿ, ಲತೀಶ ಅಡಿಗೆಕೋಣೆಯ ಬಾಗಿಲಿಗೆ ಬಂದ.

"ನಾನು ಬರ್ತೇನೆ ಚಿಕ್ಕವ್ವ."

ಕುಮುದಿನಿಯ ಕೈ ಹಿಟ್ಟಿನಲ್ಲಿತ್ತು. "ಹ್ಞೂಂ, ಹೋಗು, ಹೊತ್ತಾಯ್ತು" ಎಂದಳು.

ಹೇಳಿ ಎರಡು ಸಲ ಹಿಟ್ಟು ಕಲಸಿದ ಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ಹಿಟ್ಟಿನ ಕೈಯಲ್ಲೇ ಎದ್ದು, ಚಾವಡಿ ದಾಟಿ, ಅಂಗಳಕ್ಕೆ ಓಡಿದಳು. ಅಂಗಳದ ತುದಿಯಲ್ಲಿ ದಾರಿಗೆ ಅಡ್ಡ ಹಾಕಿದ ದಣಪೆಯ ಹತ್ತಿರ ಲತೀಶ ಕ್ಯಾನು ಕೆಳಗಿಟ್ಟು ಇತ್ತ ಮುಖ ಮಾಡಿ ನಿಂತಿದ್ದ.

"ಎಂತ ನಿಂತಿದ್ದಿ ಮಾರಾಯ? ಹಾಲು ತೆಗೆದುಕೊಳ್ಳುದಿಲ್ಲ ಮತ್ತೆ!" ಎಂದಳು ಏದುಸಿರು ಬಿಡುತ್ತಾ.

"ಬಾಕಿ ಅರ್ಧ ಉಂಟಲ್ಲ ಚಿಕ್ಕವ್ವ," ಎಂದ ಲತೀಶ. "ಅದನ್ನು ತೆಗೊಂಡು ಹೋಗುವ ಅಂತ ನಿಂತೆ."